ಹೆಂಗಸರ ವಾರ್ಡಿನ ಹೊಸ್ತಿಲು

ನಾನು ಸೇತುವೆ ಕಟ್ಟಿದವನು, ಶಾಲೆ ಕಟ್ಟಿದವನು, ಹಂಚಿನ ಕಾರ್ಖಾನೆಯ ಚಿಮಣಿಯನ್ನೂ ನಿಲ್ಲಿಸಿದವನು. ಅದನ್ನೆಲ್ಲ ಯಾರೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ಸಾಕು, ಪಕ್ಕದವನು ಅನ್ನ ಕಲಸುತ್ತ ಕೇಳುವುದು ಒಂದೇ: "ಹ್ವಾಯ್, ಆ ಮರ್ಲರ ಆಸ್ಪತ್ರಿ ಕಟ್ಟಿದ್ದ್ ನೀವೇ ಅಲ್ದಾ?" ಹುಚ್ಚರಿಗೆ ನಮ್ಮ ಕಡೆ ಮರ್ಲರು ಎನ್ನುತ್ತಾರೆ. ಹಾಗೆ ಕೇಳಿದವರಿಗೆ ಎಲೆಯ ಮುಂದೆಯೇ ಸರಿಯಾಗಿ ಬಯ್ದದ್ದೂ ಉಂಟು. ಪಾಯಸ ಬರುವ ಮೊದಲೇ ಎದ್ದು ಹೋದದ್ದೂ ಉಂಟು. ಈಗ ಬಯ್ಯುವುದಕ್ಕೆ ತ್ರಾಣವಿಲ್ಲ, ಎದ್ದು ಹೋಗುವುದಕ್ಕೆ ಮೊಣಕಾಲು ಬಿಡುವುದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ. ಹೌದು, ಕಟ್ಟಿದ್ದು ನಾನೇ. ನನ್ನ ಅಕ್ಕನಿಗಾಗಿ ಕಟ್ಟಿದೆ. ಅವಳು ಗುಣವಾಗಿ ಮನೆಗೆ ಬರಲಿ ಎಂದು ಕಟ್ಟಿದೆ.

ನಮ್ಮ ಮನೆ ಇದ್ದದ್ದು ನಾವುಂದದ ಹತ್ತಿರ, ಗದ್ದೆ ಬಯಲಿನ ಅಂಚಿಗೆ. ಅಂಗಳದಲ್ಲಿ ನಿಂತರೆ ಕಡಲಿನ ಸದ್ದು ಕೇಳುತ್ತಿತ್ತು. ನಮ್ಮದು ಅಳಿಯಕಟ್ಟು. ಮನೆ ಹೆಣ್ಣುಮಕ್ಕಳದ್ದು, ಗಂಡಸರು ನೋಡಿಕೊಳ್ಳುವವರು ಅಷ್ಟೆ. ಅಮ್ಮ ಹೋದ ಮೇಲೆ ಮನೆ ಅಕ್ಕನದಾಯಿತು. ಯಜಮಾನಿಕೆ ಅಮ್ಮನ ಅಣ್ಣನದು, ನಾವು ಮಾವ ಎನ್ನುತ್ತಿದ್ದೆವು. ಮಾವ ಲೆಕ್ಕಕ್ಕೆ ಯಜಮಾನರು, ಆದರೆ ಮನೆ ನಡೆಯುತ್ತಿದ್ದದ್ದು ಅಕ್ಕನ ಗಂಟಲಿನಿಂದ. ಮೂರು ಗದ್ದೆ ಆಚೆ ನೇಜಿ ನೆಡುವವರಿಗೆ ಅವಳು ಅಂಗಳದಿಂದಲೇ ಕೂಗಿ ಹೇಳುತ್ತಿದ್ದಳು. ನಕ್ಕರೆ ಕೊಟ್ಟಿಗೆಯ ಎಮ್ಮೆಯೂ ತಿರುಗಿ ನೋಡಬೇಕು!

ಮಳೆ ಇಳಿಯುತ್ತ ಬಂದು ಸೋಣೆ ತಿಂಗಳು ಶುರುವಾದರೆ ನಮ್ಮ ಕಡೆ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲು ಬರೆಯುತ್ತಾರೆ. ಮಿಂದು ಬಂದು, ಶೇಡಿ ಎಂಬ ಬಿಳಿ ಮಣ್ಣನ್ನು ನೀರಲ್ಲಿ ಕಲಸಿ, ಹೊಸ್ತಿಲ ಮೇಲೆ ಗೆರೆ ಎಳೆದು, ಹೂವಿಟ್ಟು ಕೈಮುಗಿಯುವುದು. ಆ ಕೆಲಸ ಮನೆಯ ಹೆಣ್ಣಿನದು. ಅಕ್ಕ ಬಗ್ಗಿ ಗೆರೆ ಎಳೆಯುವಾಗಲೇ ನನಗೆ ಬಸ್ಸಿಗೆ ಓಡುವ ಹೊತ್ತು. "ಹ್ವಾಯ್, ತುಳಿಬ್ಯಾಡ! ಕಣ್ಣ್ ಎಲ್ಲಿತ್ ನಿಂದ್?" ಎಂದು ಅವಳು ಕೂಗುವುದು, ನಾನು ಲಾಗ ಹಾಕಿದ ಹಾಗೆ ಆಚೆ ಹಾರುವುದು. ಆ ಬೈಗುಳ ಕೇಳದೆ ಎಷ್ಟೋ ಸೋಣೆ ತಿಂಗಳು ಕಳೆದಿದ್ದೇನೆ.

ಅಕ್ಕನಿಗೆ ಆದದ್ದು ಇಷ್ಟು. ಚೊಚ್ಚಲ ಹೆರಿಗೆಯಲ್ಲಿ ಮಗು ಹೋಯಿತು. ಭಾವ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದರು, ಒಮ್ಮೆ ಬಂದು ನೋಡಿದರು, ಮತ್ತೆ ಬರಲಿಲ್ಲ. ಅಕ್ಕ ಮೊದಮೊದಲು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಮನೆ ಬಿಟ್ಟು ಹೊರಡಲು ಶುರು ಮಾಡಿದಳು. ಮಗು ಕಡಲ ಬದಿಯಲ್ಲಿ ಅಳುತ್ತಿದೆ ಎನ್ನುವಳು. ಮೀನುಗಾರರು ಎಷ್ಟು ಸಲ ಅವಳನ್ನು ನೀರಿನಿಂದ ಎಳೆದು ತಂದಿದ್ದಾರೋ! ಮಾವ ಮೈಮೇಲೆ ದೈವ ಬರುವ ಪಾತ್ರಿಯನ್ನು ಕರೆಸಿದರು, ಮಂತ್ರವಾದಿಯನ್ನು ಕರೆಸಿದರು, ಕೊನೆಗೆ ಕೋಣೆಯೊಳಗೆ ಹಾಕಿ ಬೀಗ ಜಡಿದರು. ನಾನು ಆಗ ಸೇತುವೆ ಕೆಲಸದಲ್ಲಿ ಓವರ್ಸಿಯರ್, ಹೊಳೆ ಬದಿಯ ಶೆಡ್ಡಿನಲ್ಲಿ ವಾಸ. ಮನೆಗೆ ಬರುವುದು ಅಪರೂಪ. ಬಂದಾಗ ಆ ಬೀಗ ನೋಡಿ ಮಾವನ ಹತ್ತಿರ ದೊಡ್ಡ ಜಗಳ ಮಾಡಿದೆ. "ಹಂಗಾರೆ ನೀ ಕೂಕೊ, ನೀ ಕಾಯ್" ಎಂದರು ಮಾವ. ಮರುದಿನ ನಾನು ಶೆಡ್ಡಿಗೆ ತಿರುಗಿ ಹೋದೆ.

ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಅಲ್ಲಿನವರು ಕೆಟ್ಟವರೆಂದು ಹೇಳಲಾರೆ. ಊಟ ಕೊಟ್ಟರು, ಮದ್ದು ಕೊಟ್ಟರು. ಆದರೆ ಒಂದು ಉದ್ದದ ಹಜಾರ, ತಲೆಗಿಂತ ಎತ್ತರದಲ್ಲಿ ಕಿಟಕಿ, ಸುತ್ತ ಆಕಾಶ ಮುಚ್ಚುವ ಗೋಡೆ. ಅಕ್ಕನ ಕುಂದಾಪುರದ ಕನ್ನಡ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅವರದ್ದು ಇವಳಿಗೆ ಹಿಡಿಸುತ್ತಿರಲಿಲ್ಲ. ಮಾತು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ನಾನು ಹೋಗಿ ಎದುರು ಕೂತರೆ ನನ್ನ ಅಂಗಿಯ ಗುಂಡಿ ನೋಡುತ್ತಿದ್ದಳು. ಮೂರು ಗದ್ದೆ ಆಚೆ ಕೇಳುತ್ತಿದ್ದ ಗಂಟಲು! ಘಟ್ಟ ಇಳಿಯುವ ಬಸ್ಸಿನಲ್ಲಿ ಪಕ್ಕದವರು ನೋಡುತ್ತಿದ್ದರೂ ನಾಚಿಕೆ ಬಿಟ್ಟು ಅತ್ತಿದ್ದೇನೆ.

ಅಂಥ ಹೊತ್ತಿನಲ್ಲಿ ಸುದ್ದಿ ಬಂತು. ಬ್ರಹ್ಮಾವರ ದಾಟಿ ಕೋಟದ ಕಡೆ ಹೋಗುವಾಗ, ಹೆದ್ದಾರಿಯಿಂದ ಒಳಗೆ ಒಂದು ಬೋಳುಗುಡ್ಡೆಯ ಮೇಲೆ, ಹುಚ್ಚಿಗೆ ಹೊಸ ರೀತಿಯ ಆಸ್ಪತ್ರೆ ಕಟ್ಟುತ್ತಾರಂತೆ. ಮುಂಬಯಿಯಲ್ಲಿ ಹೋಟೆಲು ಇಟ್ಟ ಕೆಲವರು ದುಡ್ಡು ಹಾಕಿದ್ದರು. ಡಾಕ್ಟರು ಮೈಸೂರು ಕಡೆಯವರು, ಇನ್ನೂ ಎಳೆ ವಯಸ್ಸು, ಹೊರದೇಶದಲ್ಲಿ ಓದಿ ಬಂದವರು. ನಾನು ಹೋಗಿ ಎದುರು ನಿಂತೆ.

"ಸೇತುವೆ ಕೆಲಸ ಬಿಟ್ಟು ಇಲ್ಲಿಗ್ಯಾಕ್ರೀ ಬರ್ತೀರಾ?" ಎಂದು ಕೇಳಿದರು.

"ಕಟ್ಟಿ ಮುಗಿದರೆ ನನ್ನ ಅಕ್ಕನಿಗೆ ಒಂದು ಹಾಸಿಗೆ ಬೇಕು" ಎಂದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹಾಗಾದರೆ ನೀವು ಸಿಮೆಂಟು ಕದಿಯುವುದಿಲ್ಲ" ಎಂದರು. ಕೆಲಸ ಸಿಕ್ಕಿತು.

ಅವರ ತಲೆಯಲ್ಲಿದ್ದ ಆಸ್ಪತ್ರೆ ನಾನು ಕಂಡದ್ದಲ್ಲ. ರೋಗಿಗಳು ಓಡಿಹೋಗಬಾರದು, ಜೀವಕ್ಕೆ ಅಪಾಯ ಮಾಡಿಕೊಳ್ಳಬಾರದು, ಆದರೆ ಜೈಲಿನಲ್ಲಿದ್ದೇವೆ ಅನ್ನಿಸಲೂಬಾರದು. ಕಿಟಕಿ ಕೂತವರ ಕಣ್ಣಿನ ಮಟ್ಟಕ್ಕೆ ಇರಬೇಕು, ಸರಳು ನೆಟ್ಟಗೆ ಮಾತ್ರ, ಸೀರೆ ಸುತ್ತುವುದಕ್ಕೆ ಅಡ್ಡ ಸರಳು ಒಂದೂ ಇರಬಾರದು. ಬಾವಿಗೆ ಕಬ್ಬಿಣದ ಜಾಲರಿ. ಗೋಡೆಯಲ್ಲಿ ಗಿಳಿಗೂಟ ಬೇಡ, ಮೊಳೆ ಬೇಡ. ಒಳಗಿನಿಂದ ಚಿಲಕ ಬೇಡ. ಬಾಗಿಲುಗಳೆಲ್ಲ ಹೊರಕ್ಕೆ ತೆರೆಯಬೇಕು, ಒಳಗಿನವರು ಮಂಚ ಅಡ್ಡ ಇಟ್ಟರೂ ತೆಗೆಯಲು ಬರುವ ಹಾಗೆ. "ಹೊರಕ್ಕೆ ತೆರೆವ ಬಾಗ್ಲಾ? ನೆಂಟ್ರ್ ಬಂದ್ರೆ ಮುಖಕ್ಕೆ ಬಡಿತಿಲ್ಯಾ?" ಎಂದು ನಮ್ಮ ಆಚಾರಿ, ಅಂದರೆ ಮರಗೆಲಸದವರು, ಒಂದು ವಾರ ಅದನ್ನೇ ಹೇಳಿ ನಕ್ಕರು.

ಸುತ್ತು ಗೋಡೆಯ ವಿಷಯದಲ್ಲಿ ಡಾಕ್ಟರಿಗೆ ಒಂದು ಆಸೆ ಇತ್ತು. ಗೋಡೆ ಬೇಕು, ಆದರೆ ಅಂಗಳದಲ್ಲಿ ಕೂತವರಿಗೆ ಕಾಣಬಾರದು. ನಕ್ಷೆ ಬಿಡಿಸಿ ತೋರಿಸಿದಾಗ ನನಗೆ ನಗು ಬಂತು. ನಮ್ಮ ಕಡೆ ಹಾಡಿಯ, ಅಂದರೆ ಮರದ ತೋಪಿನ, ಸುತ್ತ ದನ ನುಗ್ಗದ ಹಾಗೆ ತೋಡುವ ಅಗಳು ಅದು, ಬೇರೆ ಎಂತದ್ದೂ ಅಲ್ಲ. ಆಳಕ್ಕೆ ಅಗಳು ತೋಡಿ ಅದರ ತಳದಲ್ಲಿ ಮುರಕಲ್ಲಿನ ಗೋಡೆ ಎಬ್ಬಿಸಿದೆವು. ಗೋಡೆಯ ತಲೆ ಅಂಗಳದ ಮಟ್ಟಕ್ಕೆ ಬಂತು. ಮಳೆಗಾಲದಲ್ಲಿ ಅಗಳು ಕೆರೆಯಾಗಬಾರದೆಂದು ಗುಡ್ಡೆಯ ಇಳಿಜಾರಿಗೆ ನೀರು ಬಸಿಯುವ ತೂಬು ಇಟ್ಟದ್ದು ನಾನು. ಮುಗಿದ ದಿನ ಅಂಗಳದಲ್ಲಿ ಕೂತು ನೋಡಿದೆ. ಗದ್ದೆ, ತೆಂಗಿನ ಸಾಲು, ಬಾರ್ಕೂರಿನ ಕಡೆಯ ಹೊಳೆಯ ಒಂದು ತುಂಡು, ಎಲ್ಲ ಕಾಣುತ್ತಿತ್ತು. ಅಕ್ಕ ಇಲ್ಲಿ ಕೂರುತ್ತಾಳೆ ಎಂದುಕೊಂಡೆ. ಅಂದಿನಿಂದ ಯಾವ ಕಲ್ಲು ಇಡುವಾಗಲೂ ಅದೇ ಯೋಚನೆ.

ಹೀಗೆ ಎಲ್ಲ ನೆಟ್ಟಗೆ ಹೋಗುತ್ತಿರುವಾಗ ಒಂದು ಎಡವಟ್ಟಾಯಿತು. ಬಾಗಿಲಿನ ಚೌಕಟ್ಟಿಗೆ ನಮ್ಮಲ್ಲಿ ದಾರಂದ ಎನ್ನುತ್ತೇವೆ. ಎರಡು ನಿಲುವು, ಮೇಲೊಂದು ಅಡ್ಡ, ಕೆಳಗೆ ಹೊಸ್ತಿಲು. ಡಾಕ್ಟರ ನಕ್ಷೆಯಲ್ಲಿ ಕೆಳಗಿನದ್ದು ಇರಲಿಲ್ಲ. ನೆಲ ಒಂದೇ ಸಮ ಇರಬೇಕು, ಗಾಲಿ ಮಂಚ ತಳ್ಳಿಕೊಂಡು ಹೋಗಬೇಕು. ಅದು ನನಗೂ ಕಾಣಲಿಲ್ಲ, ಆಚಾರಿಗೂ ಕಾಣಲಿಲ್ಲ. ದಾರಂದ ಎಂದಮೇಲೆ ಹೊಸ್ತಿಲು ಇರುವುದೇ ಅಲ್ಲವೇ? ಯಾರಾದರೂ ಪಾದವಿಲ್ಲದ ಮನುಷ್ಯನನ್ನು ಮಾಡಲು ಹೇಳುತ್ತಾರೆಯೇ? ಹಲಸಿನ ಮರದಲ್ಲಿ ಒಳ್ಳೆ ದಪ್ಪನೆಯ ಹೊಸ್ತಿಲು ಹಾಕಿ, ಮುಹೂರ್ತ ನೋಡಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದೊಂದೇ ದಾರಂದ ನಿಲ್ಲಿಸಿದೆವು. ಡಾಕ್ಟರು ಊರಿಗೆ ಹೋಗಿದ್ದರು. ಬಂದವರು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಏನ್ರೀ ಇದು? ಪ್ರತಿ ಬಾಗಿಲಿಗೂ ಒಂದು ಗೋಡೆ ಕಟ್ಟಿದ್ದೀರಲ್ಲ! ಎಲ್ಲ ಕೊಯ್ದು ಹಾಕಿ."

ಆಚಾರಿ ಗರಗಸ ಕೆಳಗಿಟ್ಟರು. "ಕೊಯ್ಯುದಾರೆ ನೀವೇ ಕೊಯ್ನಿ ಮರಾಯ್ರೆ. ಪೂಜಿ ಆದ ಹೊಸ್ಲಿಗ್ ನಾ ಗರಗಸ ಹಾಕುದಿಲ್ಲ. ನಂಗೂ ಹೆಂಡ್ತಿ ಮಕ್ಕಳ್ ಇತ್ತ್." ಅವರ ಕೈಕೆಳಗಿನವರೂ ಬೀಡಿ ಹಚ್ಚಿ ಮರದ ಬುಡಕ್ಕೆ ಹೋದರು. ಬಯ್ದೆ, ಬೇಡಿದೆ, ಯಾರೂ ಜಗ್ಗಲಿಲ್ಲ. ಸಿಟ್ಟು ನೆತ್ತಿಗೇರಿ ನಾನೇ ಗರಗಸ ಹಿಡಿದೆ. ಗಂಡಸರ ವಾರ್ಡು, ಮದ್ದಿನ ಕೋಣೆ, ಉಗ್ರಾಣ, ಅಡಿಗೆ ಮನೆ, ಎಲ್ಲ ಕೊಯ್ದೆ. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಕೊನೆಗೆ ಹೆಂಗಸರ ವಾರ್ಡಿನ ದೊಡ್ಡ ಬಾಗಿಲಿಗೆ ಬಂದು ಕೂತೆ. ಗರಗಸ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ನನ್ನ ಕೈಯಲ್ಲಿ ಆಗಲಿಲ್ಲ. ಅಕ್ಕ ಬಗ್ಗಿ ಶೇಡಿ ಬರೆಯುವುದೇ ಕಣ್ಣ ಮುಂದೆ ಬರುತ್ತಿತ್ತು.

ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಸೋಣೆ ತಿಂಗಳ ವಿಷಯ ಹೇಳಿದೆ, ಅಕ್ಕನ ವಿಷಯ ಹೇಳಿದೆ. ಹಾಸಿಗೆ ಬೇಕು ಎಂದದ್ದು ಬಿಟ್ಟರೆ ಅಷ್ಟು ದಿನ ಅವರ ಹತ್ತಿರ ಅವಳ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಎಲ್ಲ ಕೇಳಿ ಅವರು, "ಸರಿ ಕಣ್ರೀ, ಮಾತ್ರೆ ತಗೊಂಡು ಕಾಲೆಳೆದುಕೊಂಡು ಬರೋ ಹೆಂಗಸು ಎಡವಿ ಹಲ್ಲು ಮುರ್ಕೊಂಡ್ರೆ?" ಎಂದರು. ಅದೂ ನ್ಯಾಯವೇ. ಉಪಾಯ ಹೊಳೆದದ್ದು ಅವರಿಗೇ. ಹೊಸ್ತಿಲನ್ನು ಕೆತ್ತಿ ತಗ್ಗಿಸುವುದು, ಎರಡೂ ಬದಿಗೆ ಸಿಮೆಂಟಿನಿಂದ ಅಂಗೈ ಅಗಲದ ಇಳಿಜಾರು ಮಾಡುವುದು. ಗಾಲಿಯೂ ಹತ್ತುತ್ತದೆ, ಮರದ ಹಲಗೆಯೂ ಮೇಲೆ ಕಾಣುತ್ತದೆ. ಹಾಗೆಯೇ ಮಾಡಿದೆವು. ಕೆತ್ತುವುದಕ್ಕೆ ಆಚಾರಿ ಒಪ್ಪಿದರು, ಕೊಯ್ಯುವುದು ಬೇರೆ, ಕೆತ್ತುವುದು ಬೇರೆ ಅಂತೆ! ಅದರಲ್ಲಿ ಮೊದಲು ಎಡವಿದವರು ಯಾರು ಗೊತ್ತೇ? ಡಾಕ್ಟರೇ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ತೂಬು ನೋಡಿಬರುತ್ತೇನೆಂದು ಅಲ್ಲಿಂದ ಜಾರಿದೆ.

ಆಸ್ಪತ್ರೆ ತೆರೆದ ವರ್ಷವೇ ಅಕ್ಕನನ್ನು ಕರೆತಂದೆ. ಘಟ್ಟ ಇಳಿಯುವಾಗ ಕಾರಿನ ಕಿಟಕಿಗೆ ತಲೆಯಿಟ್ಟು ಕೂತಿದ್ದಳು, ಮಾತಿಲ್ಲ. ಕೂದಲು ಸಣ್ಣಗೆ ಕತ್ತರಿಸಿದ್ದರು. ಕುಂದಾಪುರ ಹತ್ತಿರ ಬಂದಾಗ ಮೀನಿನ ವಾಸನೆಗೆ ಒಮ್ಮೆ ಮೂಗು ಎತ್ತಿದಳು, ಅಷ್ಟೆ. ವಾರ್ಡಿನ ಬಾಗಿಲಿಗೆ ನಡೆಸಿಕೊಂಡು ಬಂದೆವು. ಅಲ್ಲಿ ನಿಂತಳು. ಕೆಳಗೆ ನೋಡಿದಳು. ಸೀರೆಯನ್ನು ಒಂದು ಚೂರು ಎತ್ತಿ, ಹೊಸ್ತಿಲು ತುಳಿಯದೆ, ಬಲಗಾಲು ಆಚೆ ಇಟ್ಟು ಒಳಗೆ ಹೋದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಕಂಬದ ಆಚೆ ಹೋಗಿ ಮೂಗು ಒರೆಸಿಕೊಂಡೆ.

ಮಾತು ಬಂದದ್ದು ಆ ಸೋಣೆಯಲ್ಲಿ. ನಾನು ಕಟ್ಟಡದ ದುರಸ್ತಿಗೆಂದು ಅಲ್ಲಿಯೇ ಉಳಿದುಕೊಂಡಿದ್ದೆ. ವಾರ್ಡಿನ ಕೆಲಸಕ್ಕಿದ್ದ ಹೆಂಗಸರಲ್ಲಿ ಒಬ್ಬರು ತಿಂಗಳ ಮೊದಲ ದಿನ ಹೊಸ್ತಿಲಿಗೆ ಒಂದು ಹೂವಿಟ್ಟು ಹೋಗಿದ್ದರು. ಅಕ್ಕ ಅದರ ಎದುರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳಂತೆ. ನಾನು ಆ ಕಡೆ ಹಾದುಹೋಗುವಾಗ ತಲೆ ಎತ್ತಿ, ಮೊನ್ನೆ ಮೊನ್ನೆ ಮಾತು ನಿಲ್ಲಿಸಿದವಳ ಹಾಗೆ ಕೇಳಿದಳು: "ಶೇಡಿ ಇತ್ತಾ?"

ಎಂತ ಓಟ ಓಡಿದೆ ಮಾರಾಯ್ರೆ! ಹೆದ್ದಾರಿಗೆ ಓಡಿ, ಸಿಕ್ಕಿದ ಬಸ್ಸು ಹತ್ತಿ, ಕೋಟದ ಅಂಗಡಿಯಲ್ಲಿ ಶೇಡಿ ತೆಗೆದುಕೊಂಡು ಚಿಲ್ಲರೆ ಬಿಟ್ಟು ಓಡಿ ಬಂದೆ. ಅವಳು ಅಲ್ಲಿಯೇ ಕೂತಿದ್ದಳು. ಮೊದಲ ದಿನ ಗೆರೆ ವಕ್ರವಾಯಿತು. ಮರುದಿನ ಚೂರು ನೆಟ್ಟಗಾಯಿತು. ವಾರ ಕಳೆಯುವಷ್ಟರಲ್ಲಿ ವಾರ್ಡಿನ ಬೇರೆ ಹೆಂಗಸರೂ ಸುತ್ತ ನೆರೆದರು. ಇವತ್ತು ನನ್ನ ಸರದಿ, ನಿನ್ನ ಗೆರೆ ಸೊಟ್ಟ, ನೀ ಮೀಯಲಿಲ್ಲ ಎಂದು ಜಗಳ. ಆ ಜಗಳ ಕೇಳಿ ಡಾಕ್ಟರು ಖುಷಿಯಿಂದ ಕೈ ಉಜ್ಜಿಕೊಂಡರು. ಹಗಲು ಹೊತ್ತು ಆ ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟು ನೋಡಿದರು. ಅಕ್ಕ ಅಂಗಳಕ್ಕೆ ಬರುವಳು, ಗದ್ದೆ ನೋಡುವಳು, ತಿರುಗಿ ಒಳಗೆ ಹೋಗುವಳು. ಕಡಲಿನ ಮಾತು ಎತ್ತಲಿಲ್ಲ.

ವರ್ಷಗಳು ಹೋದವು. ಮಾವ ತೀರಿಕೊಂಡರು. ನನಗೆ ಮದುವೆಯಾಗಲಿಲ್ಲ, ಮರ್ಲಿ ಇದ್ದ ಮನೆಯವನಿಗೆ ಹೆಣ್ಣು ಕೊಡುವವರು ಯಾರು? ಊರ ಮನೆಯಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಂಡು ತಿನ್ನುತ್ತಿದ್ದೆ. ಮನೆಯೊಳಗೆ ಎಷ್ಟು ಮೌನ ಎಂದರೆ ಗಂಜಿ ಕುದಿಯುವುದು ಚಾವಡಿಗೆ ಕೇಳುತ್ತಿತ್ತು. ಅಕ್ಕ ಬರುತ್ತಾಳೆ, ಎಮ್ಮೆ ತರಬೇಕು, ಅವಳ ಕೋಣೆಗೆ ಗೋಡೆ ಒಡೆದು ದೊಡ್ಡ ಕಿಟಕಿ ಇಡಬೇಕು ಎಂದು ದಿನಾ ಲೆಕ್ಕ ಹಾಕುತ್ತಿದ್ದೆ. ಕಿಟಕಿಯನ್ನು ಇಟ್ಟೂ ಬಿಟ್ಟೆ. ಆ ಕೋಣೆಯ ಬೀಗ, ಕೊಂಡಿ ಎಲ್ಲ ಕಿತ್ತು ಹೊಳೆಗೆ ಎಸೆದೆ.

ಇಸವಿ ಎಪ್ಪತ್ತರ ಆಚೆ ಈಚೆ ಇರಬೇಕು, ಡಾಕ್ಟರು ಹೇಳಿದರು: "ನಿಮ್ಮಕ್ಕನಿಗೆ ಇನ್ನು ಇಲ್ಲಿ ಇರೋ ಅಗತ್ಯ ಇಲ್ಲ. ಮಾತ್ರೆ ಬಿಡಬೇಡಿ, ಕರ್ಕೊಂಡು ಹೋಗಿ." ಆ ರಾತ್ರಿ ನಿದ್ದೆ ಎಲ್ಲಿ ಬರಬೇಕು! ಮನೆಗೆ ಸುಣ್ಣ ಹೊಡೆಸಿದೆ. ಕುಂದಾಪುರದಿಂದ ಬಾಡಿಗೆ ಕಾರು ಮಾಡಿಕೊಂಡು, ಹೊಸ ಸೀರೆ ಹಿಡಿದುಕೊಂಡು ಹೋದೆ. ಅಕ್ಕ ಅದನ್ನು ಉಟ್ಟುಕೊಂಡು, ಕೂದಲು ಬಾಚಿ, ಚೀಲ ಹಿಡಿದು ಬಾಗಿಲ ತನಕ ಬಂದಳು. ಹೊಸ್ತಿಲ ಒಳಗೆ ನಿಂತು ಚೀಲ ಕೆಳಗಿಟ್ಟಳು.

"ಹೊರಡ್ ಅಕ್ಕ, ಮನಿಗ್ ಹೋಪ" ಎಂದೆ.

"ನಾ ಬತ್ತಿಲ್ಲೆ" ಎಂದಳು.

ತಮಾಷೆ ಎಂದುಕೊಂಡೆ. ಅವಳ ಮುಖ ನೋಡಿದ ಮೇಲೆ ಅಲ್ಲವೆಂದು ಗೊತ್ತಾಯಿತು. "ಎಂತಕೆ?" ಎಂದು ಕೇಳಿದೆ.

"ನೀ ಹೊಳಿ ಬದಿ ಶೆಡ್ಡಂಗ್ ಇದ್ದೆ, ನಿಂಗ್ ಗೊತ್ತಿಲ್ಲ" ಎಂದು ಶುರು ಮಾಡಿದಳು. ಕೋಣೆಯಲ್ಲಿ ಹಾಕಿದ ವರ್ಷ ಸೋಣೆ ಬಂತಂತೆ. ಅವಳು ಒಳಗಿನಿಂದ ಮಾವನ ಹತ್ತಿರ ಬೇಡಿಕೊಂಡಳಂತೆ, ಹೊಸ್ತಿಲು ಬರೆದು ತಿರುಗಿ ಒಳಗೆ ಬರುತ್ತೇನೆ, ಎಲ್ಲಿಗೂ ಓಡುವುದಿಲ್ಲ ಎಂದು. ತಲೆ ಸರಿ ಇಲ್ಲದವಳು ಮುಟ್ಟಿದರೆ ಮನೆಗೆ ದೋಷ ಎಂದರಂತೆ ಮಾವ. ನೆರೆಮನೆಯ ಹುಡುಗಿಯನ್ನು ಕರೆಸಿ ಬರೆಸಿದರಂತೆ. "ಬೀಗ ಹಾಕಿದ್ದಕ್ಕೆ ಬೇಜಾರಿಲ್ಲ. ನಾ ಆಗ ಓಡ್ತಿದ್ದೆ, ಹಾಕ್ಕೇ ಆಯಿತ್ತ್. ಆದ್ರೆ ನನ್ನ ಮನಿ ಹೊಸ್ಲ್ ಬ್ಯಾರೆಯವ್ರ್ ಬರಿಯುದನ್ನ ದಿನಾ ಒಳ್ಗಿಂದ ಕೇಂತಿದ್ದೆ. ತಿಂಗ್ಳಿಡೀ ಕೇಂಡೆ. ಆ ಮನಿಗ್ ನಾ ಅವತ್ತೇ ಬ್ಯಾಡ ಆಯ್ದೆ. ಇಲ್ಲ್ ನನ್ನ ಯಾರೂ ಮುಟ್ಟಬ್ಯಾಡ ಅನ್ಲಿಲ್ಲ."

"ಮಾವ ಸತ್ತು ಹೋದರಲ್ಲ! ಮನೆ ನಿನ್ನದೇ ಅಲ್ಲವಾ? ಸುಣ್ಣ ಹೊಡೆಸಿದ್ದೇನೆ, ಕಿಟಕಿ ಇಡಿಸಿದ್ದೇನೆ!" ನನಗೆ ತಡೆಯಲಿಲ್ಲ, ಕೂಗಾಡಿಬಿಟ್ಟೆ. "ಈ ಆಸ್ಪತ್ರೆ ಕಟ್ಟಿದ್ದೇ ನಿನ್ನನ್ನು ಮನೆಗೆ ಕರೆದುಕೊಂಡು ಹೋಗುವುದಕ್ಕೆ ಮಾರಾಯ್ತಿ! ಇಲ್ಲೇ ಕೂರಲಿ ಎಂದಲ್ಲ!"

ವಾರ್ಡಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅಕ್ಕ ಕೋಪ ಮಾಡಲಿಲ್ಲ, ಅಳಲೂ ಇಲ್ಲ. "ಕೂಗ್ಬ್ಯಾಡ, ಇಲ್ಲ್ ಸುಮಾರ್ ಜನಕ್ಕ್ ಹೆದ್ರಿಕಿ ಆತ್ತ್" ಎಂದು ಮೆಲ್ಲಗೆ ಹೇಳಿದಳು. ಚೀಲ ತೆಗೆದುಕೊಂಡು ಒಳಗೆ ನಡೆದಳು. ಡಾಕ್ಟರು ಅವಳಿಗೆ ಅಲ್ಲಿಯೇ ಕೆಲಸ ಕೊಟ್ಟರು, ಹೊಸದಾಗಿ ಬಂದ ಹೆಂಗಸರನ್ನು ನೋಡಿಕೊಳ್ಳುವ ಕೆಲಸ. ಮಲಗುವುದಕ್ಕೆ ವಾರ್ಡಿನ ಬದಿಯ ಸಣ್ಣ ಕೋಣೆ. ನಾನು ಖಾಲಿ ಕಾರಿನಲ್ಲಿ ಮನೆಗೆ ಬಂದೆ.

ತಿಂಗಳಾಯಿತು ನಾನು ಆ ಕಡೆ ತಲೆ ಹಾಕದೆ. ಸಿಟ್ಟು ಅಕ್ಕನ ಮೇಲೋ, ಮಾವನ ಮೇಲೋ, ಆ ಹಲಸಿನ ಹಲಗೆಯ ಮೇಲೋ, ನನಗೇ ತಿಳಿಯುತ್ತಿರಲಿಲ್ಲ. ಅದನ್ನು ಅವತ್ತೇ ಕೊಯ್ದು ಹಾಕಿದ್ದರೆ ಅವಳು ನನ್ನ ಜೊತೆ ಬರುತ್ತಿದ್ದಳೇನೋ ಎಂದು ಯೋಚಿಸಿದ್ದೇನೆ. ಕೊಯ್ದಿದ್ದರೆ ಅವಳ ಬಾಯಿಂದ ಮಾತೇ ಬರುತ್ತಿರಲಿಲ್ಲವೇನೋ ಎಂದೂ ಯೋಚಿಸಿದ್ದೇನೆ. ಕೊನೆಗೆ ಇರಲಾಗದೆ ಒಂದು ಭಾನುವಾರ ಬಸ್ಸು ಹತ್ತಿದೆ. ಉರಿ ಬಿಸಿಲು, ಹೆದ್ದಾರಿಯಿಂದ ಗುಡ್ಡೆ ಹತ್ತುವಾಗ ಅಂಗಿ ಒದ್ದೆಯಾಗಿತ್ತು.

ಅಕ್ಕ ವಾರ್ಡಿನ ಬಾಗಿಲಲ್ಲಿ ಯಾರದೋ ತಲೆ ಬಾಚುತ್ತ ಕೂತಿದ್ದಳು. ನನ್ನನ್ನು ಅಂಗಳದ ಆ ತುದಿಯಲ್ಲಿ ಕಂಡಳು. ಕಂಡವಳು ಅಲ್ಲಿಂದಲೇ ಗಂಟಲು ಎತ್ತಿ ಕೂಗಿದಳು, ಗುಡ್ಡೆಗೆಲ್ಲ ಕೇಳುವ ಹಾಗೆ: "ಹ್ವಾಯ್! ಬಿಸ್ಲಂಗ್ ಎಂತಕೆ ನಿಂತ್ಕಂಡೆ? ಬಾ, ಕಾಲ್ ತೊಳ್ಕೊ. ಆಸ್ರಿಗ್ ಎಂತ ಬೇಕ್?"

ಒಳಗೆ ಹೋಗಿ ನೀರು, ಬೆಲ್ಲ ತಂದು ಹೊಸ್ತಿಲ ಬದಿಯಲ್ಲಿಟ್ಟಳು, ಮನೆಗೆ ಬಂದ ನೆಂಟರಿಗೆ ಇಡುವ ಹಾಗೆ. ಬಾಯಾರಿಕೆಗೆ ಏನು ಬೇಕು ಎಂಬ ಆ ಮಾತನ್ನು ಅವಳು ಕಾಯಿಲೆ ಬಿದ್ದ ಮೇಲೆ ನನಗೆ ಯಾರೂ ಕೇಳಿರಲಿಲ್ಲ. ನಾನು ಕಾಲು ತೊಳೆದುಕೊಂಡು ಅಕ್ಕನ ಮನೆಯೊಳಗೆ ಹೋದೆ.